ಬೇರಿಂಗಿನ ಬೆನ್ನ ಹಿಂದ

ಮೊದಲ ಸೀಮೆಎಣ್ಣಿ, ಆಮ್ಯಾಲ ಪೆಟ್ರೋಲು.
ಬೀರೂ, ಬ್ರಶ್ಶು ಅಷ್ಟ ಜೋರಲೆ ತಿಕ್ಕಬ್ಯಾಡೋ,
ಇದು ನಿಮ್ಮ ಎಮ್ಮಿ ಮೈ ಅಲ್ಲ, ಅಲುಮಿನಿ.
ಪಿಸ್ಟನ್ನಿನ ತಲಿಮ್ಯಾಲಿನ ಮಸಿ
ಸ್ಕ್ರೂಡ್ರೈವರಲೆ ಕೆರದರ ಗೀರು ಬೀಳತಾವ.
ಬಿದಿರಿನ ಸೀಳು ತಗೋ,
ರೊಟ್ಟಿ ಹಂಚಿನ ಕರಕ ತಗದಂಗ ತಗಿ.

ಡಫಳಾಪುರದ ಸಾವಂತರ ರಾಜದೂತ.
ಹಾಲಿನ ಕ್ಯಾನು ತಿಕ್ಕಿ ತಿಕ್ಕಿ ಎರಡೂ ಮಗ್ಗಲದ ಬಣ್ಣ ಹೋಗಿ
ಬರೇ ತಗಡು ಹೊಳೀತೈತಿ.
ಟೆಂಪೋದಾಗ ಮಲಗಿಸಿಕೊಂಡು ಜತ್ತಿಗೆ ತಂದರು.
"ಕಾಯ್ ಝಾಲಂ?" ಅಂದೆ.
"ಆವಾಜ ಯೇತೋ" ಅಂದರು, ಅಷ್ಟ.
ಎಂಥಾ ಆವಾಜು?
ನಿದ್ದ್ಯಾಗ ಹಲ್ಲು ಕಡದಂಥಾದ್ದು.

ರಿಂಗು ಸಿಲಿಂಡರಿನ್ಯಾಗ ಇಳಿಸಿ, ನೆಟ್ಟಗ ಮಾಡಿ,
ಬಾಯಿ ಎಷ್ಟ ತೆರದೈತಿ ನೋಡಿದೆ. ಭಾಳ ತೆರದೈತಿ.
ಆದರ ಅದು ಹೊಗಿ ಕಥಿ, ಸಪ್ಪಳದ ಕಥಿ ಅಲ್ಲ.
ಕನೆಕ್ಟಿಂಗ್ ರಾಡು ಹಿಡದು ಮ್ಯಾಲ ಎಳದೆ, ಕೆಳಗ ಒತ್ತಿದೆ:
ಕಟ್ ಅನಲಿಲ್ಲ.
ಅಡ್ಡ ಆಡತೈತಿ ಸ್ವಲ್ಪ. ಅಷ್ಟ ಆಡಬೇಕು.
ಆಡಲಾರದ್ದು ಬಿಸಿಯಾದರ ಹಿಡಕೊಂಡ ಬಿಡತೈತಿ.
ಮನಶ್ಯಾನೂ ಹಂಗ ಅನ್ನು ಮಂದಿ ಬ್ಯಾರೆ.
ನಮ್ಮ ಉಸ್ತಾದ ರಾಡಿನ ಮಾತು ರಾಡಿಗೇ ಬಿಡಾಂವ.

ಬೇರಿಂಗು ತೊಳದು, ಒಣಗಿಸಿ,
ಕಿವಿ ಹಂತ್ಯಾಕ ಹಿಡದು ಬಟ್ಟಲೆ ತಿರಗಿಸಿದೆ.
ಉಸುಕಿನ್ಯಾಗ ಶೇಂಗಾ ಹುರದಂಗ.
ಸಿಕ್ಕಿತು.

ಕೇಸು ಸ್ಟೋವಿನ ಮ್ಯಾಲ ಇಟ್ಟೆ.
ಉಗುಳು ಚುರ್ ಅಂದು ಹಾರಬೇಕು, ಅಷ್ಟ ಕಾವು.
ಬೋರಲ ಮಾಡಿ ಕಟ್ಟಗಿ ಮ್ಯಾಲ ಒಂದ ಸಣ್ಣ ಪೆಟ್ಟು,
ತಾನ ಉದುರಿತು.
ಅದರ ಬೆನ್ನ ಹಿಂದ ಇನ್ನೊಂದು:
ತಗಡಿನ ಬಳಿ.
ಕಂಪನೀದಲ್ಲ. ಹೊರಗಿನ ಅಂಚು ಸೊಟ್ಟ,
ಕತ್ರಿ ಎರಡ ಕಡೆ ಎಡವೈತಿ.

ಎಣ್ಣಿ ಒರಸಿ ಬಿಸಲಿಗೆ ಹಿಡದೆ.
ಕೈವಾರದ ಮಳೀಲೆ ಕೆತ್ತಿದ ಅಕ್ಷರ.
ಸಿ ಐತಿ, ದ ಐತಿ, ಗೊಂ ಅರ್ಧಾ ಐತಿ,
ಡ ತೂತಿನ ಪಾಲಾಗೈತಿ.

ತೊಂಬತ್ತೆರಡು. ಏಳನೇತ್ತ ಬಿಟ್ಟ ಮರುವಾರ.
ಕನ್ನಡ ಸಾಲ್ಯಾಗಿನ ಕಂಪಾಸ ಪೆಟ್ಟಿಗಿ ಮುಚ್ಚಳಾ ಅದು.
ಸಾಂಗ್ಲಿಯಿಂದ ಶಿಮ್ಮು ತರೂ ಬಸ್ಸು ಬಂದಿರಲಿಲ್ಲ,
ಉಸ್ತಾದ ಚಾ ಕುಡ್ಯಾಕ ಹೋಗಿದ್ದ,
ನಾ ಅಳತಿ ಹಿಡದು ಕತ್ತರಿಸಿ ಕುಂತಿದ್ದೆ, ಶಾಬಾಸ ಅಂತಾನಂತ.
ಹುಸೇನಸಾಬ ಅತ್ತಾರ ಬಂದ. ನೋಡಿದ.
ಕಪಾಳಕ್ಕ ಒಂದು. ಎಣ್ಣಿ ಕೈ,
ಐದೂ ಬಟ್ಟು ಕರ್ರಗ ಮೂಡಿದ್ದು
ಅವ್ವ ಸಬಕಾರ ಹಚ್ಚಿ ತಿಕ್ಕಿದಳು ಎರಡು ದಿನಾ.
"ಮಂದಿ ಹೊಟ್ಟಿ ಹೊರೂ ಗಾಡಿಗೆ
ಆಟಗಿ ಸಾಮಾನ ಹಾಕ್ತೀಯೇನಲೇ? ಒಗಿ!"
ಒಗದಿದ್ದೆ. ಮೋರ್ಯಾಗ ಬಿದ್ದ ಸಪ್ಪಳಾ ಕೇಳಿದ್ದೆ.

ಯಾವಾಗ ಎತ್ತಿದ? ನಾ ಅಳಕೋತ ಮನೀಗೆ ಹೋದ ಮ್ಯಾಲ?
ಒಳಗಿನ ಅಂಚು ನುಣ್ಣಗೈತಿ, ಅರ ಹಾಕ್ಯಾರ.
ಅದು ನನ್ನ ಕೆಲಸಲ್ಲ.
ಗೀರು ಎಡಕ್ಕ ವಾಲ್ಯಾವ; ಎಡಚ ಇದ್ದ ಉಸ್ತಾದ.
ಕೇಳೋಣಂದ್ರ
ಕಬರಸ್ತಾನದ ಬೇವಿನ ಬುಡಕ ಮಲಗಿ ಒಂಬತ್ತ ವರ್ಷಾತು.

ಮೈಕ್ರೋಮೀಟರು ಹಚ್ಚಿದೆ, ನಾಕ ಕಡೆ.
ನಾಕೂ ಕಡೆ ಒಂದ ಲೆಕ್ಕ.
ಇನ್ನೊಮ್ಮೆ ಹಚ್ಚಿದೆ.

"ಏನ್ರಿ ಕಾಕಾ ಅದು? ಒಗೀಲೇನ್ರಿ?" ಅಂದ ಬೀರು.
ನನ್ನ ಕೈ ಅರ್ಧಾ ಮ್ಯಾಲೆದ್ದಿತ್ತು.
ಎಣ್ಣಿ ಇತ್ತು ಅದಕ್ಕ.
ಬನಿಯನ್ನಿಗೆ ಒರಸಿಕೊಂಡೆ.
"ಪೆಟ್ರೋಲದಾಗ ಅದ್ದಿ, ಬ್ಯಾರೆ ಇಡು. ಬ್ರಶ್ಶು ಹಚ್ಚಬ್ಯಾಡ."

ಸಂಜೀಕ ಸಾವಂತರ ಚೀಟಿ ಬರದೆ:
ರಿಂಗು, ಬೇರಿಂಗು, ಸೀಲು ಎರಡು, ಪ್ಯಾಕಿಂಗು, ಮಜೂರಿ.
ಶಿಮ್ಮು ಅಂತ ಬರದು
ಅದರ ಮುಂದ ಒಂದ ಗೆರಿ ಎಳದೆ.