ಏಳು ಪಾಯಿಂಟ್ ಎರಡು

ಮೂಡಿಗೆರೆ ದಾಟಿ, ಎಸ್ಟೇಟಿನ ಹಿಂದಿನ ಲೈನು.
ಹನ್ನೊಂದನೇ ಮನೆ. ಫಾರಮ್ಮಿನ ಮೂರನೇ ಪ್ರಶ್ನೆ:
ಕಳೆದ ತಿಂಗಳು ಹುಷಾರಿಲ್ಲದೆ ಎಷ್ಟು ದಿನ ಮಲಗಿದಿರಿ?

"ಮಲಗಿದ್ರೆ ಹಾಜರಿ ಯಾರು ಹಾಕ್ತಾರೆ?"
ಸೊನ್ನೆ ಬರೆದೆ. ಮೇಲಿನ ಹತ್ತು ಮನೆಗೂ
ಸೊನ್ನೆಯೇ. ಭಾರೀ ಆರೋಗ್ಯವಂತ ಲೈನು.

ದ್ಯಾವಮ್ಮನ ಬೆರಳಿಗೆ ಸೂಜಿ ಇಳಿಯಲಿಲ್ಲ.
ಕಾಫಿ ಕಿತ್ತು ಕಿತ್ತು ದಡ್ಡುಗಟ್ಟಿದ ಚರ್ಮ.
ಎರಡನೇ ಸಲ ಒತ್ತಿದಾಗ ಒಂದು ತೊಟ್ಟು,
ರಕ್ತವೆನ್ನಲು ಹಿಂಜರಿಯುವಷ್ಟು ತೆಳು.

ಯಂತ್ರ ಕೊಂಚ ತಡೆದು ಹೇಳಿತು: ಏಳು ಪಾಯಿಂಟ್ ಎರಡು.
"ಹತ್ತಕ್ಕೆ ಏಳಾ? ನನ್ನ ಮಗಳಿಗೂ ಇಷ್ಟು ಬರಲ್ಲ!"
ಪಕ್ಕದ ಮನೆಯ ಗುಲಾಬಿ ನಕ್ಕಳು. ನಾನೂ ನಕ್ಕೆ. ಆಮೇಲೆ
ಹನ್ನೆರಡು ಇರಬೇಕಿತ್ತು ಅಂದೆ.

ಸ್ವಲ್ಪ ಹೊತ್ತು ಬಿಟ್ಟು ದ್ಯಾವಮ್ಮ:
"ಹೋದ ಸಲ ಬಂದವರೂ ಒಂದು ತೊಟ್ಟು ಒಯ್ದರು.
ಅದು ಎಷ್ಟಿತ್ತು?"

ಈ ಪ್ರಶ್ನೆ ಫಾರಮ್ಮಿನಲ್ಲಿಲ್ಲ.

ಬಾಗಿಲ ಹಿಂದಿನ ಗೋಡೆಯಲ್ಲಿ ಇದ್ದಿಲ ಗೀಟು,
ಅವಳ ಬಟವಾಡೆ ಲೆಕ್ಕ.
ಅಲ್ಲಿ ನನ್ನ ಪೆನ್ನು ಹಿಡಿಯಲಿಲ್ಲ.
ಇದ್ದಿಲು ಅವಳೇ ಕೊಟ್ಟಳು.
ತಾರೀಖು ಹಾಕಿ ಬರೆದೆ, ಏಳು ಪಾಯಿಂಟ್ ಎರಡು.

"ದೊಡ್ಡದಾಗಿ ಬರಿ" ಅಂದಳು,
"ರೈಟರಿಗೂ ಕಾಣಲಿ."