ಅರ್ಧ ಇಂಚು

ಓಮ್ನಿಯ ಹಿಂಬಾಗಿಲೆತ್ತಿ
ಟೇಪು ಹಿಡಿದು ಒಳಗೆ ತೂರಿದೆ.
ಮೂವತ್ತು ವರ್ಷ ಪುಣೆಯ ಹೆಂಗಸರ
ಹೆಗಲು, ಕಂಕುಳು, ಸೊಂಟ ಅಳೆದ ಟೇಪು.
ಗಾಡಿಗೂ ಇರುತ್ತದೆ ಹೇಳಿಕೊಳ್ಳದ ಗೂನು:
ಚಕ್ರದ ಮೇಲೆ ಎರಡೂ ಕಡೆ ಉಬ್ಬು,
ಬಾಗಿಲ ಬಳಿ ಸಡಿಲ, ನಡುವಲ್ಲಿ ಬಿಗಿ.
ಯಾರದೋ ಬ್ಲೌಸಿನ ಬಿಲ್ಲಿನ ಬೆನ್ನಿಗೆ ಬರೆದೆ:
ಉದ್ದ ನಲವತ್ತೆರಡು, ಅಗಲ ಮೂವತ್ತಾರೂವರೆ,
ಹಲಗೆಯ ಕೆಳಗೆ ಎತ್ತರ ಹದಿನಾಲ್ಕು.

ಹಲಗೆ ಇವರದೇ ಕೈಕೆಲಸ.
ಮೇಲೆ ನಾವಿಬ್ಬರು ಮಲಗುವುದು,
ಕೆಳಗೆ ಪೆಟ್ಟಿಗೆಗಳು: ಸ್ಟೋವು, ಪಾತೆಲಿ, ಹಗ್ಗ, ತಾಡಪತ್ರಿ,
ಸೊಳ್ಳೆಪರದೆ, ಇವರ ಮೊಣಕಾಲಿನ ಎಣ್ಣೆ.

"ಕಬ್ಬಿಣದ ಟ್ರಂಕೇ ಬೇಕು ನೋಡು" ಅಂದರು.
ಖಡಕಿಯ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರು,
ಭಾರವಿಲ್ಲದ ಯಾವುದನ್ನೂ ನಂಬುವುದಿಲ್ಲ.
ಭಾನುವಾರ ಜುನಾ ಬಜಾರಿನಲ್ಲಿ
ಒಂಟಿ ಬೂಟು, ರೇಡಿಯೋದ ಕರುಳು, ಕಿವಿಯಿಲ್ಲದ ಕಪ್ಪುಗಳ ನಡುವೆ
ಹಸಿರು ಟ್ರಂಕೊಂದರ ಮೇಲೆ ಕೂತು ನೋಡಿದರು,
ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು
ಕಲ್ಲಂಗಡಿ ಕೊಳ್ಳುವವರ ಹಾಗೆ.
ಐದುನೂರು ಅಂದವನು ನಾಲ್ಕಕ್ಕೆ ಇಳಿದ,
ಇವರು ಗೆದ್ದವರಂತೆ ನಕ್ಕರು,
ಅವನೂ ನಕ್ಕ, ಗೆದ್ದವನು ಅವನೇ.

ನಾನು ಬೋಹರಿ ಆಳಿಗೆ ಹೋದೆ.
ಮುಫದ್ದಲ್ ಭಾಯಿ ಮಾಳಿಗೆಯಿಂದ ಇಳಿಸಿದ್ದೇ ಇಳಿಸಿದ್ದು:
"ನೀರು ಹೋಗಲ್ಲ, ಇರುವೆ ಹೋಗಲ್ಲ,
ಹೊರಗಿಂದಲೇ ಎಲ್ಲಾ ಕಾಣುತ್ತೆ ಬೆಹೆನ್."
ಕಾಣುವುದೇ ಬೇಡ ಅಂದೆ.
ಸಿಗ್ನಲ್ಲಿನಲ್ಲಿ ನಿಂತು ಇಡೀ ಸ್ವಾರಗೇಟಿಗೆ
ನಮ್ಮ ಹಳೆ ಟವೆಲು ತೋರಿಸುವುದೇ?
ಬೂದು ಬಣ್ಣದವೆರಡನ್ನು ಆರಿಸಿದೆ,
ಹುಕ್ಕು ನೋಡುವ ಹಾಗೆ ಕೊಕ್ಕೆ ಹಾಕಿ ತೆಗೆದು,
ತೆಗೆದು ಹಾಕಿ, ಅವನ ಚಹಾ ಆರುವ ತನಕ.
ಒಂದು ಐಬು ಆಗಲೇ ಕಂಡಿತ್ತು:
ಮೇಲೆ ಅಗಲ, ಬುಡದಲ್ಲಿ ಕಿರಿದು.
ಎರಡನ್ನು ಪಕ್ಕದಲ್ಲಿಟ್ಟರೆ ನಡುವೆ
ಯಾರಿಗೂ ಸೇರದ ಮುಮ್ಮೂಲೆಯ ಗಾಳಿ.
ಅದಕ್ಕೂ ಸೇರಿಸಿಯೇ ದುಡ್ಡು ಕೊಟ್ಟೆ.

ಸಂಜೆ ಟ್ರಂಕು ಒಳಗೆ ಹೋಗಲಿಲ್ಲ.
ಕೆಳಮನೆಯ ಸೋಪಾನ ನೂಕಿದ, ಇವರು ಒದ್ದರು,
ಗೇಟಿನವನು ಮಂತ್ರಿಯಂತೆ ಸಲಹೆ ಕೊಟ್ಟ.
"ಅಳತಿ ಬರೋಬ್ಬರಿ ಅದಲ್ಲ! ಮೂವತ್ತಾರೂವರಿಗೆ ಮೂವತ್ತಾರೂವರಿ!"
ಬರೋಬ್ಬರಿ ಇದ್ದದ್ದೇ ತಪ್ಪಾಗಿತ್ತು.
ಮೂವತ್ತು ವರ್ಷ ಒಂದೊಂದು ಬಟ್ಟೆಗೂ
ಹೊಲಿಗೆಯ ಒಳಗೆ ಮಡಚಿ ಬಿಟ್ಟ ಅರ್ಧ ಇಂಚು,
ಹೆತ್ತು, ದಪ್ಪಗಾಗಿ, ನಾಚಿಕೊಂಡು ಬಂದವಳಿಗೆ
ಎರಡು ನಿಮಿಷದಲ್ಲಿ ಬಿಚ್ಚಿ ಕೊಟ್ಟ ಅರ್ಧ ಇಂಚು,
ಅದನ್ನೇ ಗಾಡಿಗೆ ಬಿಡಲು ಮರೆತಿದ್ದೆ.
ಹೇಳಲಿಲ್ಲ. ಟ್ರಂಕೇ ಸೊಟ್ಟ ಅಂದೆ.
ಅವತ್ತು ನಮ್ಮ ಮಾತಿನಲ್ಲೂ
ಬೆರಳು ತೂರುವಷ್ಟು ಜಾಗವಿರಲಿಲ್ಲ.

ರಾತ್ರಿ ಗರಗಸದ ಸದ್ದು.
ಎರಡೂ ಬದಿಯ ಹಿಡಿಗಳನ್ನು ಕೊಯ್ದು ಹಾಕಿದ್ದರು.
ಹಿಡಿಯಿಲ್ಲದ ಟ್ರಂಕು ಸಲೀಸಾಗಿ ಒಳಗೆ ಸರಿಯಿತು,
ಆಮೇಲೆ ಹೊರಗೆ ಎಳೆಯುವುದು ಹೇಗೆ?
ಬಾಗಿಲಲ್ಲಿ ನಿಂತು, ಮುಖ ಬೇರೆ ಕಡೆ ಮಾಡಿ,
"ಹಳೇ ಜೀನ್ಸ್ ಏನಾರ ಅದಾವೇನು?" ಅಂದರು.
ಸೊಂಟಪಟ್ಟಿ ಬಿಚ್ಚಿ, ನಾಲ್ಕು ಮಡಿಕೆ ಹಾಕಿ,
ದಪ್ಪ ಸೂಜಿ ಎರಡು ಮುರಿದು ಹೊಲಿದೆ.
ಮುಂದಿನ ಮುಖಕ್ಕೆ ಇವರು ರಿವೆಟ್ಟು ಬಡಿದರು.

ಪಾನ್‌ಶೇತದ ನೀರಿನಂಚಿಗೆ ಹೋಗುವಾಗ
ಹೊಂಡ ಹೊಂಡಕ್ಕೂ ಟ್ರಂಕು ಮಾತಾಡಿತು,
ಬೂದು ಪೆಟ್ಟಿಗೆಗಳು ತುಟಿ ಬಿಚ್ಚಲಿಲ್ಲ.
ಕತ್ತಲಾದ ಮೇಲೆ ಕಡ್ಡಿಪೆಟ್ಟಿಗೆ ಇಲ್ಲ.
ಎಲ್ಲ ಮುಚ್ಚಳ ತೆಗೆದೆವು, ಎಲ್ಲ ಮುಚ್ಚಿದೆವು,
ಒಬ್ಬರನ್ನೊಬ್ಬರು ನೋಡಲಿಲ್ಲ.
ಚಿವಡಾ ತಿಂದು, ತಣ್ಣೀರು ಕುಡಿದು ಮಲಗಿದೆವು.
ಹಲಗೆ ಇಬ್ಬರಿಗೆ ಸ್ವಲ್ಪ ಕಿರಿದು.
ಅದನ್ನು ನಾನು ಅಳೆದಿರಲೇ ಇಲ್ಲ.

ಬೆಳಗಿನ ಜಾವ ಹಿಂಬಾಗಿಲೆತ್ತಿದಾಗ
ಬೂದು ಪೆಟ್ಟಿಗೆಗಳ ನಡುವಿನ ಆ ಸಂದಿಯಲ್ಲಿ
ನಿಂತುಕೊಂಡೇ ಇತ್ತು ಕಡ್ಡಿಪೆಟ್ಟಿಗೆ.
ಇವರು ನೆತ್ತಿ ಕೆರೆದುಕೊಂಡರು:
"ಕೈಗೆ ಲಗೂನ ಸಿಗ್ಲಿ ಅಂತ ನಾನೇ ಇಟ್ಟಿದ್ದೆ."
ಚಹಾಕ್ಕೆ ಸಕ್ಕರೆ ಕೇಳಿದೆ.
ಯಾವುದರಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.