ಕಾರಣ ಎಂಬ ಕಾಲಂ

ರಿಜಿಸ್ಟರಿನಲ್ಲಿ ಐದು ಕಾಲಂ:
ದಿನಾಂಕ, ಫೀಡರು, ಕರೆಂಟು ಹೋದ ಹೊತ್ತು, ಬಂದ ಹೊತ್ತು,
ಕೊನೆಗೆ ಕಾರಣ.
ಇಪ್ಪತ್ತಾರು ವರ್ಷ ನಾನು ಬರೆದ ಕಾರಣಗಳು
ಒಂದೇ ಕೈಯ ಬೆರಳಿಗೆ ಮುಗಿಯುತ್ತವೆ.
ಕೊಂಬೆ ಬಿತ್ತು. ಜಂಪರ್ ಕಡಿಯಿತು. ಓವರ್‌ಲೋಡು.
ಅಳಿಲು.
ಅಳಿಲು ಅಂದರೆ ಅಳಿಲೇ ಅಲ್ಲ,
ಕಾಗೆ, ಬಾವಲಿ, ಒಮ್ಮೆ ಒಂದು ಕೇರೆಹಾವು,
ಕಂಬದ ಬುಡದಲ್ಲಿ ಸುಟ್ಟು ಬಿದ್ದದ್ದೆಲ್ಲ
ನಮ್ಮ ಲೆಕ್ಕದಲ್ಲಿ ಅಳಿಲು.

ಹಾಗೆ ಅಳಿಲಾಗಿ ಹೋದವುಗಳಲ್ಲಿ
ಒಂದಕ್ಕೆ ಹೆಬ್ಬೆರಳಿತ್ತು.
ಸತ್ತರೂ ತಂತಿ ಬಿಡದ ಮುಷ್ಟಿ.
ಬಿಡಿಸುವಾಗ ಕೈಗವಸು ಕಳಚಿದೆ,
ಯಾಕೋ ಗೊತ್ತಿಲ್ಲ.

ತಿಂಡ್ಲುವಿನ ಹಿಂದೆ, ಕಾಲೇಜಿನ ಕಾಂಪೌಂಡಿನುದ್ದಕ್ಕೂ
ರಾತ್ರಿ ಒಂಬತ್ತರ ಮೇಲೆ ಹುಡುಗರು ಬರುತ್ತಾರೆ,
ಟಾರ್ಚಿಗೆ ಸ್ವೀಟ್ ಡಬ್ಬಿಯ ಕೆಂಪು ಕಾಗದ ಸುತ್ತಿ.
ಕಳ್ಳರೆಂದು ಮೊದಲು ನಾನೇ ಹಿಡಿದಿದ್ದೆ.
ಮುಂದಾಳು ಜಸಿಂತಾ, ಕಾಕ್ಸ್‌ಟೌನಿನವಳು, ಗದರಿದಳು:
‘ಬಿಳಿ ಬೆಳಕು ಬಿಡಬೇಡಿ ಅಂಕಲ್, ಅದರ ಕಣ್ಣು ಉರಿಯುತ್ತೆ.’
ತಲೆಯೆತ್ತಿದರೆ ಹೊಂಗೆಯೊಳಗೆ
ಬೀಡಿ ಸೇದುವ ಇಬ್ಬರ ಹಾಗೆ
ಎರಡು ಕೆಂಡ.
ಕಾಡುಪಾಪ.

ನಮ್ಮವ್ವ ಇದರ ಹೆಸರೆತ್ತಿದರೆ ಬೈಯುತ್ತಿದ್ದಳು.
ಹೊಸಕೋಟೆ ಸಂತೆಯಲ್ಲಿ ಒಬ್ಬ ಮದ್ದಿನವನು
ಮನುಷ್ಯರ ಕಣ್ಣಿಗೆ ಇದರ ಕಣ್ಣು ಮಾರುತ್ತಿದ್ದನಂತೆ.
ಅಜ್ಜಿಗೂ ಹಾಕಿಸಿದರು.
ಅಜ್ಜಿಗೆ ಕೊನೆಗೂ ಕಾಣಲಿಲ್ಲ,
ಅದಕ್ಕೂ ಕಾಣದಾಯಿತು.

ಜಸಿಂತಾ ಬಾಯಿ ಬಿಟ್ಟರೆ ಲೋಕವೆಲ್ಲ ಸುತ್ತುತ್ತಾಳೆ.
ಎಲ್ಲೋ ದ್ವೀಪದಲ್ಲಿ ಏಡಿಗಳಿಗೆ ಸೇತುವೆ ಕಟ್ಟಿದ್ದಾರಂತೆ,
ಎಲ್ಲೋ ಮಂಗಗಳಿಗೆ ರಸ್ತೆ ಮೇಲೆ ಹಗ್ಗ,
ಎಲ್ಲೋ ಮಳೆಯ ರಾತ್ರಿ ಮುದುಕರು ಹೊರಬಂದು
ಕಪ್ಪೆಗಳನ್ನು ಬಕೆಟ್ಟಿನಲ್ಲಿ ಆಚೆಗೆ ದಾಟಿಸುತ್ತಾರಂತೆ.
‘ಬಕೆಟ್ಟಿನಲ್ಲಾ?’
‘ಬಕೆಟ್ಟಿನಲ್ಲೇ.’
ನಕ್ಕೆ. ಹೆಬ್ಬಾಳದ ಸರ್ಕಲ್ಲಿನಲ್ಲಿ
ಮನುಷ್ಯರನ್ನೇ ದಾಟಿಸುವವರಿಲ್ಲ ಕಣಮ್ಮಾ.

ಆದರೆ ಆ ಹೊಂಗೆಗೂ ಎದುರಿನ ನೇರಳೆಗೂ ನಡುವೆ
ಒಂದು ಗೋಣಿಮರ ಇತ್ತು. ರಸ್ತೆ ಅಗಲವಾದಾಗ ಹೋಯಿತು.
ಕೊಂಬೆ ಇದ್ದ ಜಾಗದಲ್ಲಿ ಈಗ
ನನ್ನ ತಂತಿ.

ಹೋದ ಗುರುವಾರ ಒಂಬತ್ತು ನಲವತ್ತಕ್ಕೆ ಫೋನು:
‘ಅಂಕಲ್, ಹೊಟ್ಟೆಗೆ ಮರಿ ಕಚ್ಚಿಕೊಂಡಿದೆ,
ಕಂಬದ ಹತ್ತಿರ ಬಂದಿದೆ.’
ಯಾರನ್ನೂ ಕೇಳಲಿಲ್ಲ. ಗ್ಯಾಂಗ್ ಸ್ವಿಚ್ಚಿನ ಹಿಡಿ
ಕೆಳಗೆಳೆದೆ.
ಇಡೀ ಲೇಔಟು ಒಂದೇ ಬಾಯಲ್ಲಿ ಓ ಎಂದಿತು.
ಎಲ್ಲೋ ಕೊನೆಯ ಓವರು, ಎಲ್ಲೋ ಅರ್ಧ ರುಬ್ಬಿದ ಹಿಟ್ಟು.
ಜೇಬಿನಲ್ಲಿ ಫೋನು ತೊಡೆ ಕುಟ್ಟುತ್ತಲೇ ಇತ್ತು.

ಅದು ನಡೆಯುವುದಲ್ಲ.
ಒಂದು ಕೈ ಇಟ್ಟು, ತಂತಿಯನ್ನು ಕೇಳುತ್ತದೆ.
ತಂತಿ ಹೂಂ ಅಂದ ಮೇಲೆ ಇನ್ನೊಂದು.
ನಟ್ಟನಡುವೆ ನಿಂತುಬಿಟ್ಟಿತು,
ನಾಲ್ಕು ನಿಮಿಷ, ಏನೂ ಮಾಡದೆ.
ನನ್ನ ಸರ್ವಿಸಿನಲ್ಲಿ ಅಷ್ಟುದ್ದದ ನಾಲ್ಕು ನಿಮಿಷ ಕಂಡಿಲ್ಲ.

ಮೂರನೇ ಕ್ರಾಸಿನಿಂದ ಬ್ಯಾಂಕ್ ರಿಟೈರ್ಡು ಪಟ್ಟಾಭಿರಾಮಯ್ಯ
ಮೊಬೈಲ್ ಬೆಳಕು ಬೀಸುತ್ತ ಬಂದರು: ‘ಯಾರ್ರೀ ಲೈನ್‌ಮನ್ನು?’
ಜಸಿಂತಾ ಆ ಬೆಳಕಿನ ಮೇಲೆ ಅಂಗೈ ಮುಚ್ಚಿ
ಮೇಲೆ ತೋರಿಸಿದಳು.
ಅವರು ಬಹಳ ಹೊತ್ತು ನೋಡಿದರು.
‘ಇದಕ್ಕೆಲ್ಲ ಪರ್ಮಿಷನ್ ಇದೆಯೇನ್ರೀ?’
ಕೇಳಿದ್ದು ಮಾತ್ರ
ಪಿಸುದನಿಯಲ್ಲಿ.

ನೇರಳೆಯ ಎಲೆ ಅಲುಗಿತು.
ಹಿಡಿ ಮೇಲೆತ್ತಿದೆ.

ಒಂಬತ್ತು ನಲವತ್ತಾರರಿಂದ ಒಂಬತ್ತು ಐವತ್ತೇಳು.
ಹನ್ನೊಂದು ನಿಮಿಷ, ನಾನೂರು ಮನೆ.
ಕೊನೆಯ ಕಾಲಮ್ಮಿನಲ್ಲಿ ಪೆನ್ನು ಹಳೆ ರೂಢಿಗೆ
‘ಅ’ ಬರೆದಿತ್ತು.
ಹೊಡೆದುಹಾಕಿ ಬರೆದೆ:
ಪಾಪ ದಾಟುತ್ತಿತ್ತು.

ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಕನ್ನಡಕ ಏರಿಸಿ ಓದಿದರು,
ಇನ್ನೊಮ್ಮೆ ಓದಿದರು,
ರಿಜಿಸ್ಟರು ನನ್ನತ್ತ ತಿರುಗಿಸಿದರು:
‘ಯಾರ ಪಾಪಾರೀ ಇದು?’

ಉತ್ತರ ಹೊಳೆಯದೆ
ಹಳೆಯ ಹಾಳೆಗಳನ್ನು ತಿರುವುತ್ತ ನಿಂತೆ,
ಆ ಮಾರ್ಚಿನ ಅಳಿಲಿನ ತನಕ.